ಕಣ್ಮುಚ್ಚು, ಎಲ್ಲಿ ಮುಟ್ಟಿದೆ ಹೇಳು

ಮಾಲ್ದಾರೆ ಕಡೆಯ ಆ ಲೈನ್‌ಮನೆಗಳಲ್ಲಿ
ಚೋಮಿಯ ಕೈ ಹೆಸರುವಾಸಿ.
ಕುದಿವ ಗಂಜಿಯ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸುವಳು,
ಕೆಂಡ ಚಿವುಟಿ ಪಕ್ಕದ ಒಲೆಗೆ ಸಾಲ ಕೊಡುವಳು.
ಬೆಂಕಿಗೆ ಅವಳ ಗುರುತಿದೆ, ಎನ್ನುತ್ತಿದ್ದರು ಹೆಂಗಸರು.

ನಾನೂ ನಕ್ಕಿದ್ದೆ.
ಎರಡು ವರ್ಷ, ಗುಲಾಬಿ ಸೀರೆಯುಟ್ಟು,
ಬಸುರಿಯರ ಹೆಸರು, ಜಂತುಹುಳದ ಮಾತ್ರೆಯ ಲೆಕ್ಕ
ಬರೆದ ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡು
ಅವಳು ಬರಿಗೈಲಿ ಇಳಿಸಿದ ಕಾಫಿ ಕುಡಿದು
ನಕ್ಕಿದ್ದೆ.

ಚೀಲದಲ್ಲಿ ಆ ಚಿತ್ರವೂ ಇತ್ತು.
ಯಾವನೋ ಬೆಳ್ಳಗಿನವನ ಬೆನ್ನು,
ಕೆಳಗೆ ದಪ್ಪಕ್ಷರ: ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ.
ಓದಿ ಹೇಳಿದ್ದೆ ಸಾಲಾಗಿ ಕೂರಿಸಿ.
ಸ್ಪರ್ಶ ಅಂದರೆ ಯಾರ ಮಗಳು, ಎಂದಳು ಒಬ್ಬ ಮುದುಕಿ.
ಜ್ಞಾನ ನಮಗೆಲ್ಲಿಂದ ಬರಬೇಕು, ಎಂದಳು ಇನ್ನೊಬ್ಬಳು.
ರೈಟರು ಗಡಿಯಾರ ನೋಡಿದ,
ಎಲ್ಲರೂ ಕಾಫಿ ಕುಯ್ಯಲು ಎದ್ದು ಹೋದರು.
'ದೊಡ್ಡ ರೋಗ' ಎನ್ನುವ ಹೆಸರು ಮಾತ್ರ
ಹೇಳಿಕೊಡದೆಯೂ ಎಲ್ಲರಿಗೆ ಗೊತ್ತಿತ್ತು.

ರೊಬಸ್ಟಾ ಹಣ್ಣಾದಾಗ ಕಂಡದ್ದು:
ತೂಕಕ್ಕೆ ಮೂಟೆ ಹೊತ್ತು ತಂದವಳ ಕಿರುಬೆರಳು
ಸೀಳಿ ಬಿಳೀ ಬಾಯಿ ಬಿಟ್ಟಿತ್ತು.
ಯಾವಾಗ ಆಯ್ತು ಇದು?
'ಯಾವುದು?' ಎಂದಳು ಚೋಮಿ.

ಕಣದ ಮೂಲೆಯಲ್ಲಿ ಕೂರಿಸಿದೆ.
ಕಣ್ಮುಚ್ಚು. ಪೆನ್ನಿನ ತುದಿ ಮುಟ್ಟಿಸ್ತೀನಿ,
ಎಲ್ಲಿ ಮುಟ್ಟಿದೆ ಹೇಳು.
ಹಣೆ, ಎಂದಳು. ಭುಜ, ಎಂದಳು.
ಮೊಣಕೈ ಕೆಳಗೆ ಒಣಗಿದೆಲೆಯಷ್ಟಗಲ ಮಾಸಿದ ಚರ್ಮ,
ಅಲ್ಲಿ ಮುಟ್ಟಿದೆ, ಮತ್ತೆ ಮುಟ್ಟಿದೆ,
ತುಸು ಒತ್ತಿಯೂ ಬಿಟ್ಟೆ.
ಕಣ್ಮುಚ್ಚಿ ಕಾಯುತ್ತಲೇ ಇದ್ದಳು.

'ಶುರು ಮಾಡಕ್ಕ,' ಎಂದಳು.

ಸಿದ್ದಾಪುರದ ಆಸ್ಪತ್ರೆಯಲ್ಲಿ ರೋಸಿಲಿ ಸಿಸ್ಟರ್
ಮಾತ್ರೆಯ ಹಾಳೆ ಕೊಟ್ಟರು. ದುಡ್ಡಿಲ್ಲ,
ವರ್ಷ ಪೂರ್ತಿ ನುಂಗಬೇಕು, ಬಿಡಬಾರದು.
ಮೂರನೇ ದಿನ ಹೋದರೆ ಬಾಗಿಲು ಹಾಕಿದೆ.
ಹಾಳೆ ಕಾಫಿಗಿಡದ ಬುಡದಲ್ಲಿ, ಅರ್ಧ ಮಣ್ಣಿನೊಳಗೆ.
ಮೊದಲ ಗುಳಿಗೆಗೇ ಉಚ್ಚೆ ಕೆಂಪಗೆ ಹೋಗಿತ್ತು,
ನನ್ನ ರಕ್ತ ಹಿಂಡಿ ತೆಗೀತಿದೀರಿ, ಎಂದಳು ಬಾಗಿಲ ಹಿಂದಿನಿಂದ.

ಹಾಗಾಗುತ್ತದೆ, ಮರುದಿನ ಹೋಗುತ್ತದೆ, ಹೆದರಬೇಡ:
ಇಷ್ಟೇ ಮಾತು. ಹೇಳಿರಲಿಲ್ಲ.
ಟ್ರೈನಿಂಗಿನಲ್ಲಿ ಹೇಳಿದ್ದರೋ ಏನೋ,
ಊಟದ ಹೊತ್ತಾಗಿತ್ತು.

ಆನೆ ಬಂದು ಹೋದ ದಾರಿಯಲ್ಲಿ, ಮುರಿದ ಬೇಲಿ ದಾಟಿ
ನಾಲ್ಕು ಸಲ ಹೋದೆ. ಐದನೆಯ ಸಲ
ಅವಳೇ ಮಾತ್ರೆ ತೊಳೆದು ಒರೆಸಿಟ್ಟಿದ್ದಳು.

ಚಿತ್ರ ಮಡಿಸಿಟ್ಟೆ. ಬೇರೆ ಮಾತು ಹುಡುಕಿದೆ.
'ನಿದ್ದೆ ಹೋದ ತೊಗಲು' ಅಂದೆ ಹಾಡಿಯಲ್ಲಿ.
ಚೋಮಿ ಒಪ್ಪಲಿಲ್ಲ.
ನಿದ್ದೆ ಅಂದರೆ ಮಲಗಿರಲಿ ಪಾಪ ಅಂತ ಬಿಡ್ತಾರೆ,
ಕೆಂಡ ಹಿಡಿಯೋ ಕೈ ಅನ್ನು,
ನನ್ನ ಹೆಸರು ಹೇಳು,
ಕೈ ನಾನೇ ತೋರಿಸ್ತೀನಿ.

ತೋರಿಸುತ್ತಾಳೆ. ಮಾತ್ರೆ ಮುಗಿದಿದೆ,
ಬಾಗಿದ ಎರಡು ಬೆರಳು ಹಾಗೇ ಇವೆ.
ಈಗ ಪಾತ್ರೆಗೆ ಬಟ್ಟೆ ಸುತ್ತುತ್ತಾಳೆ, ಬಿಸಿ ಎಂದು ಕಣ್ಣಿಂದ ಕಲಿತು.
ಪಕ್ಕದ ಒಲೆಯವಳು ಕೆಂಡ ಕೇಳಿದರೆ
ಇಕ್ಕಳ ತಾ, ಎನ್ನುತ್ತಾಳೆ.

ನಿನ್ನೆ ಲೈನಿನ ಹಿಂದೆ ಮಕ್ಕಳ ಆಟ.
ಕೋಳಿಗರಿ, ಮುಚ್ಚಿದ ಕಣ್ಣು,
ಎಲ್ಲಿ ಮುಟ್ಟಿದೆ ಹೇಳು! ಮೂಗು! ಪಾದ! ಹೊಟ್ಟೆ!
ಕಚಗುಳಿಗೆ ಉರುಳಾಡುತ್ತಿದ್ದವು.
ಬೊಳ್ಕನ ಸರದಿ. ಗರಿ ಅವನ ಮಂಡಿಯ ಪಕ್ಕ
ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು.
ಸುಮ್ಮನಿದ್ದ.

ತುಂಟ. ಬೇಕೆಂದೇ ಇರಬಹುದು.
ಚೀಲ ಕೆಳಗಿಟ್ಟೆ.